ಈರಪ್ಪ ಕಾಕಾನ ಬೇವಿನ ಗಿಡಕ್ಕೆ ಕಟ್ಟಿದ ತಂತಿ

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾವ ಕೆಲಸವೂ ತಾರೀಖು, ವೇಳೆ, ಹಾಜರಿದ್ದವರ ಹೆಸರು ಬರೆಯದೆ ಶುರುವಾಗುತ್ತಿರಲಿಲ್ಲ. ನನಗೆ ಆ ರೂಢಿ ಇನ್ನೂ ಬಿಟ್ಟಿಲ್ಲ. ೧೯೭೬ನೆಯ ಇಸವಿ, ಜೂನ್ ಆರು, ರವಿವಾರ. ಬೆಳಿಗ್ಗೆ ಆರು ಗಂಟೆ ಹದಿನೈದು ನಿಮಿಷ. ಸ್ಥಳ, ತಿಕೋಟಾದ ನಮ್ಮ ಮನೆಯ ಮಾಳಿಗೆ. ಹಾಜರಿದ್ದವರು, ನನ್ನ ಅಬ್ಬಾ ಖಾದರಸಾಬ, ಪಕ್ಕದ ಮನೆಯ ಬಡಿಗೇರ ಈರಪ್ಪ ಕಾಕಾ, ಮತ್ತು ಹನ್ನೊಂದು ವರ್ಷದ ನಾನು. ಕೆಲಸ, ರೇಡಿಯೋ ಕೇಂದ್ರಕ್ಕೆ ಏರಿಯಲ್ ಕಟ್ಟುವುದು.

ಕೇಂದ್ರ ಎಂದರೆ ಹಾಡು ಬಿತ್ತರಿಸುವ ಕೇಂದ್ರವಲ್ಲ. ಕೇಳುವ ಕೇಂದ್ರ. ಅಬ್ಬಾ ಫೌಜಿನಲ್ಲಿ ವೈರ್‌ಲೆಸ್ ಕೆಲಸ ಮಾಡಿ ಹವಾಲ್ದಾರರಾಗಿ ನಿವೃತ್ತರಾಗಿದ್ದರು. ಬಂದ ಮೇಲೆ ಬಬಲೇಶ್ವರದ ಒಂದು ಗೋದಾಮಿನಲ್ಲಿ ಮೇಲ್ವಿಚಾರಕರ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಹೋದರೆ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು. ಕೈ ಸುಮ್ಮನಿರಲಿಲ್ಲ. ಪುಣೆಯ ಹಳೇ ಸಾಮಾನಿನ ಬಜಾರಿನಿಂದ ಎಂಟು ವಾಲ್ವಿನ ಒಂದು ರಿಸೀವರ್ ತಂದು, ಮೂರು ತಿಂಗಳು ಬಿಚ್ಚಿ ಜೋಡಿಸಿ, ಅದಕ್ಕೆ ಜೀವ ಕೊಟ್ಟಿದ್ದರು.

ಆ ಬೆಳಿಗ್ಗೆ ನಮ್ಮ ಮಾಳಿಗೆಯ ಮೇಲೆ ಬಿದಿರಿನ ಗಳ ನಿಲ್ಲಿಸಿದರು. ಅಲ್ಲಿಂದ ತಾಮ್ರದ ತಂತಿ ಎಳೆದು, ಎರಡೂ ತುದಿಗೆ ಪಿಂಗಾಣಿ ಗುಂಡು ಹಾಕಿ, ಇನ್ನೊಂದು ತುದಿಯನ್ನು ಈರಪ್ಪ ಕಾಕಾನ ಹಿತ್ತಲಿನ ಬೇವಿನ ಗಿಡಕ್ಕೆ ಕಟ್ಟಬೇಕಿತ್ತು. ಸುತ್ತ ಅಷ್ಟು ಎತ್ತರದ ಗಿಡ ಅದೊಂದೇ. ಕಾಕಾ ತಾನೇ ಏರಿದ. ಅವನೂ ಅಬ್ಬಾನೂ ಒಂದೇ ಸಾಲಿಯಲ್ಲಿ ಕಲಿತವರು.

“ಲೇ ಖಾದರ್ಯಾ, ಇಷ್ಟ ಸಾಕೇನೋ?”

“ಇನ್ನೊಂದು ಗೇಣು ಮ್ಯಾಲ. ಅರವತ್ತಾರು ಫೂಟಿಗೆ ಒಂದಂಗುಲ ಕಮ್ಮಿ ಆಗಬಾರದು.”

“ನಿನ್ನ ಅಂಗುಲಕ್ಕ ನನ್ನ ಸೊಂಟ ಮುರೀತೈತಿ ನೋಡು. ಯವ್ವಾ ಜುಬೇದಾ, ನಿಮ್ಮಪ್ಪಗ ಹೇಳು, ಇದು ಗಿಡ ಐತಿ, ಫೌಜಿನ ಕಂಬ ಅಲ್ಲ.”

ರಿಸೀವರ್ ಇಡಲು ಸಾಗವಾನಿಯ ಹಲಗೆಯನ್ನೂ ಕಾಕಾನೇ ಮಾಡಿದ್ದ. ಎರಡೂವರೆ ಫೂಟು ಉದ್ದ, ಕೆಳಗೆ ಎರಡು ಖಾನೆ. ಅರ್ಥಿಂಗಿಗೆ ಬಚ್ಚಲ ನೀರು ಹರಿಯುವ ಕಡೆ ಕಬ್ಬಿಣದ ಸಳಿ ಹೂತರು, ಅಲ್ಲಿ ನೆಲ ಯಾವಾಗಲೂ ಹಸಿ ಎಂದು. ಎಲ್ಲ ಮುಗಿಯುವ ಹೊತ್ತಿಗೆ ಅಮ್ಮಿ ಸಜ್ಜೆ ರೊಟ್ಟಿ, ಝುಣಕ, ಉಳ್ಳಾಗಡ್ಡಿ ಮಾಳಿಗೆಗೇ ತಂದಳು. ಮಧ್ಯಾಹ್ನ ಅಬ್ಬಾ ಕಾರ್ಬನ್ ಹಾಳೆ ಇಟ್ಟು ಏನನ್ನೋ ಬಹಳ ಹೊತ್ತು ಬರೆದರು. ರೇಡಿಯೋ ಲೈಸೆನ್ಸಿನ ಕಾಗದವಿರಬೇಕೆಂದು ನಾನು ಕೇಳಲಿಲ್ಲ.

ವಾರದ ದಿನಗಳಲ್ಲಿ ಕೇಂದ್ರ ನನ್ನದು. ಬೆಳಿಗ್ಗೆ ಆರಕ್ಕೆ ಒಂದು ಗಸ್ತು, ಸಂಜೆ ಆರಕ್ಕೆ ಒಂದು ಗಸ್ತು. ಗಸ್ತು ಎಂಬುದು ಅಬ್ಬಾನ ಮಾತು. ಡಯಲ್ಲಿನ ಒಂದು ಗೆರೆಗೆ ಮುಳ್ಳು ನಿಲ್ಲಿಸಿ ಹತ್ತು ಎಣಿಸಬೇಕು. ಕೇಳಿದ್ದನ್ನು ಬರೆಯಬೇಕು. ಮುಂದಿನ ಗೆರೆಗೆ ಹೋಗಬೇಕು. ಇಷ್ಟವಾದ ಹಾಡು ಬಂದರೂ ಹನ್ನೊಂದು ಎಣಿಸುವಂತಿಲ್ಲ. ವಾಲ್ವು ಕಾದಾಗ ಸುಟ್ಟ ಧೂಳಿನ, ವಾರ್ನಿಶಿನ ವಾಸನೆ ಬರುತ್ತಿತ್ತು. ಆ ವಾಸನೆಯ ಹಿಂದೆ ಎಲ್ಲೆಲ್ಲಿಯದೋ ಭಾಷೆಗಳು, ಹಡಗಿನವರಿಗೆ ಹೇಳುವ ಹವೆಯ ಸುದ್ದಿ, ಟಿಕ್‌ಟಿಕ್ ಎನ್ನುವ ಮೋರ್ಸ್. ನಾನು ತಿಳಿದದ್ದನ್ನು ಬರೆಯುತ್ತಿದ್ದೆ. ತಿಳಿಯದ್ದಕ್ಕೆ “ಗೊತ್ತಿಲ್ಲ” ಎಂದು ಬರೆಯುತ್ತಿದ್ದೆ. ಊಹೆ ಬರೆದರೆ ಅಬ್ಬಾ ಕೆಂಪು ಗೆರೆ ಎಳೆಯುತ್ತಿದ್ದರು.

ಅದು ತುರ್ತು ಪರಿಸ್ಥಿತಿಯ ಕಾಲ. ದೊಡ್ಡವರು ಮಾತಾಡುವ ಮೊದಲು ಹಿಂದೆ ಯಾರು ನಿಂತಿದ್ದಾರೆಂದು ನೋಡುತ್ತಿದ್ದರು. ಬಾವಿಯ ಹತ್ತಿರ ನಾನು ಕೊಡ ಇಟ್ಟರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಒಬ್ಬಳು ನೇರವಾಗಿಯೇ ಕೇಳಿದಳು: “ನಿಮ್ಮಪ್ಪ ಆ ತಂತಿ ಹಚ್ಚಿ ಯಾರ ಜೋಡಿ ಮಾತಾಡ್ತಾನ ಬೇ?” ಮಾತಾಡುವುದಿಲ್ಲ, ಬರೇ ಕೇಳುತ್ತೇವೆ ಎಂದೆ. “ಬರೇ ಕೇಳಾಕ ಅಷ್ಟುದ್ದ ತಂತಿ ಬೇಕೇನು?” ಎಂದು ನಕ್ಕರು. ನಗುವಿನಲ್ಲಿ ನಗು ಇರಲಿಲ್ಲ. ಈರಪ್ಪ ಕಾಕಾ ಕೂಡ ಒಂದು ಸಂಜೆ ಉಳಿ ಮಸೆಯುತ್ತ ಕೇಳಿದ್ದ: “ಯವ್ವಾ, ನಿಮ್ಮ ಪೆಟಿಗಿಗೆ ಕಿವಿ ಅಷ್ಟ ಐತೋ, ಬಾಯೀನೂ ಐತೋ?” ಆಗ ಅದು ಬರೀ ಚೇಷ್ಟೆ ಎನಿಸಿತ್ತು.

ಹತ್ತು ದಿನದ ಮೇಲೆ ಒಂದು ಬುಧವಾರ, ನಾನು ಸಾಲಿಯಿಂದ ಬರುವಾಗ ಬಾಗಿಲಲ್ಲಿ ಪೊಲೀಸನ ಸೈಕಲ್ ನಿಂತಿತ್ತು. ಅಮ್ಮಿ ಸೆರಗು ಬಿಗಿ ಹಿಡಿದು ಗೋಡೆಗೆ ನಿಂತಿದ್ದಳು.

“ನಿಮ್ಮ ಮನಿ ಮ್ಯಾಲ ವಿಜಾಪುರಕ್ಕ ಒಂದು ಅರ್ಜಿ ಹೋಗೈತಂತರಿ,” ಎಂದ ಪೊಲೀಸ. ಕೈಯಲ್ಲಿದ್ದ ಚೀಟಿ ನೋಡಿ ಓದಿದ. “ತಂತಿ ಅರವತ್ತಾರು ಫೂಟು. ಒಂದು ತುದಿ ಮಾಳಿಗಿ ಗಳಕ್ಕ, ಒಂದು ತುದಿ ಬಡಿಗ್ಯಾರ ಬೇವಿನ ಗಿಡಕ್ಕ. ಎರಡೂವರಿ ಫೂಟಿನ ಸಾಗವಾನಿ ಹಲಗಿ ಮ್ಯಾಲ ಮಿಶನ್ನು. ಹೌದಿಲ್ರಿ?”

“ಅರ್ಜಿ ಯಾರು ಹಾಕ್ಯಾರ್ರಿ?” ಎಂದಳು ಅಮ್ಮಿ.

“ಅದು ನನಗೂ ಗೊತ್ತಿಲ್ರಿ ಅವ್ವಾರ. ನನಗ ಚೀಟಿ ಕೊಟ್ಟಾರ, ಅಷ್ಟ. ರವಿವಾರ ಹತ್ತಕ್ಕ ಸಾಹೇಬ್ರು ಬಂದು ನೋಡ್ತಾರ. ಅಲ್ಲೀತನಕಾ ಏನೂ ಬಿಚ್ಚಬ್ಯಾಡ್ರಿ. ಚೀಟಿಯೊಳಗ ಇದ್ದಂಗ ಇರಬೇಕು. ಇಲ್ಲಂದ್ರ ಮುಚ್ಚಿಟ್ಟಾರ ಅಂತ ಆಕೈತಿ, ಮಿಶನ್ನೂ ಜಪ್ತಿ ಆಕೈತಿ, ಹವಾಲ್ದಾರ್ರನ್ನೂ ವಿಜಾಪುರಕ್ಕ ಕರಕೊಂಡು ಹೋಗಬೇಕಾಕೈತಿ.”

ಅವನು ಹೋದ ಮೇಲೆ ಅಮ್ಮಿ ನೆಲದ ಮೇಲೆ ಕುಳಿತಳು. ಆಮೇಲೆ ಎದ್ದು ಹಲಗೆಯನ್ನು ಕೈಯಿಂದ ಅಳೆಯುತ್ತ ಹೇಳಿದಳು: “ಎರಡೂವರಿ ಫೂಟು. ಓಣ್ಯಾಗಿನ ಮಂದಿಗೆ ತಂತಿ ಕಾಣ್ತೈತಿ. ಒಳಗಿನ ಹಲಗಿ ಅಳತಿ ಯಾರಿಗೆ ಗೊತ್ತು?”

ಉತ್ತರ ಒಂದೇ ಇತ್ತು. ಮಾಡಿದವನಿಗೆ.

ಅಂದು ಸಂಜೆ ಗಸ್ತಿಗೆ ಕುಳಿತಾಗ ಮುಳ್ಳು ತಿರುಗಿತು, ನನ್ನ ಕಿವಿ ತಿರುಗಲಿಲ್ಲ. ಕಿವಿ ಅಷ್ಟ ಐತೋ ಬಾಯೀನೂ ಐತೋ ಎಂದು ಅವನು ಕೇಳಿದ್ದು ಈಗ ಬೇರೆ ಥರ ಕೇಳಿಸುತ್ತಿತ್ತು. ಅವನು ಗಿಡದ ಮೇಲಿಂದ ನಮ್ಮ ಮನೆಯೊಳಗೆ ನೋಡಿದ್ದು, ಹಲಗೆಯ ಕೆಳಗೆ ಎರಡು ಖಾನೆ ಯಾಕೆ ಎಂದು ಕೇಳಿದ್ದು, ಎಲ್ಲವನ್ನೂ ಒಂದೊಂದಾಗಿ ತೆಗೆದು ನೋಡಿದೆ. ಹುಡುಕಲು ಕುಳಿತರೆ ಸಿಗದೆ ಇರುವುದು ಯಾವುದು?

ಎರಡು ಹಿತ್ತಲುಗಳ ನಡುವಿನ ಮಣ್ಣಿನ ಗೋಡೆ ಒಂದು ಕಡೆ ಕುಸಿದು, ಆಳು ದಾಟುವಷ್ಟು ಸಂದು ಬಿದ್ದಿತ್ತು. ಅದನ್ನು ಯಾರೂ ಕಟ್ಟಿರಲಿಲ್ಲ. ಒಲೆಯ ಕೆಂಡ, ಬಟ್ಟಲು, ಮಕ್ಕಳು, ಕೋಳಿಗಳು ಎಲ್ಲ ಅಲ್ಲಿಂದಲೇ ದಾಟುತ್ತಿದ್ದವು. ನಾನು ಅವರ ಅಂಗಳದಲ್ಲಿ ಕಟ್ಟಿಗೆಯ ಹೊಟ್ಟಿನ ಮೇಲೆ ಕುಂಟಾಟ ಆಡಿ ಬೆಳೆದವಳು. ಬುಧವಾರ ಸಂಜೆ ಅಮ್ಮಿ ಆ ಸಂದಿಗೆ ಒಂದು ಹಳೇ ತಗಡು ಆನಿಸಿ ನಿಲ್ಲಿಸಿದಳು.

ಗುರುವಾರ ಕಾಕಾನ ಹೆಂಡತಿ ಗಂಗವ್ವ ಕಾಕಿ ತಗಡು ಸರಿಸಿ, ಏನೂ ಅರಿಯದವಳಂತೆ, ಒಂದು ತಾಟಿನಲ್ಲಿ ಹೋಳಿಗೆ ಇಟ್ಟು ಹೋದಳು. ಅಮ್ಮಿ ಮುಟ್ಟಲಿಲ್ಲ. ನಾನು ತಾಟನ್ನು ಎತ್ತಿಕೊಂಡು ಅವರ ಅಂಗಳಕ್ಕೆ ಹೋದೆ. ನನ್ನನ್ನು ಯಾರೂ ಕಳಿಸಿರಲಿಲ್ಲ. ಇದನ್ನು ಇಷ್ಟು ವರ್ಷದ ಮೇಲಾದರೂ ಸರಿಯಾಗಿ ಬರೆಯಬೇಕು.

“ಪೊಲೀಸರಿಗೆ ಅರ್ಜಿ ಹಾಕೋರ ಮನಿ ಹೋಳಿಗಿ ನಮಗ ಬ್ಯಾಡ,” ಎಂದೆ.

ಕಟ್ಟಿಗೆ ಉಜ್ಜುತ್ತಿದ್ದ ಕಾಕಾನ ಕೈ ನಿಂತಿತು. ಕಾಕಿ, “ಏನಂದಿ ಬೇ?” ಎಂದಳು. ನಾನು ತಾಟನ್ನು ಕಟ್ಟಿಗೆಯ ರಾಶಿಯ ಮೇಲೆ ಇಟ್ಟು ಓಡಿ ಬಂದೆ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ರಿಸೀವರ್ ಹಚ್ಚಿದರೆ ಒಳಗೆ ಬರೀ ಸುಯ್ ಎನ್ನುವ ಸದ್ದು. ಹೊರಗೆ ಬಂದು ನೋಡಿದೆ. ಆಕಾಶದಲ್ಲಿ ತಂತಿ ಇರಲಿಲ್ಲ. ನಮ್ಮ ಹೊಸ್ತಿಲ ಮೇಲೆ ಅದನ್ನು ಸುರುಳಿ ಸುತ್ತಿ ಇಡಲಾಗಿತ್ತು. ಒಂದು ಗಂಟೂ ಇಲ್ಲ, ಒಂದು ಮಡಿಕೆಯೂ ಇಲ್ಲ. ಪಿಂಗಾಣಿ ಗುಂಡುಗಳಿಗೆ ಬಟ್ಟೆ ಸುತ್ತಿತ್ತು. ಸಾಹೇಬರು ಬರಲು ಎರಡು ದಿನ ಉಳಿದಿತ್ತು.

“ನೋಡಿದ್ಯಾ? ಈಗ ಮುಚ್ಚಿಟ್ಟಾರ ಅನ್ನಾಕ ಸಾಕ್ಷಿನೂ ಮಾಡಿಕೊಟ್ಟ,” ಎಂದಳು ಅಮ್ಮಿ. ನಾನೂ ಹಾಗೆಯೇ ನಂಬಿದೆ.

ಶನಿವಾರ ಅಬ್ಬಾ ಬಸ್ಸಿಳಿದು ಬಂದರು. ಕೈಕಾಲು ತೊಳೆದು ಕೂಡುವ ಮೊದಲೇ ಅಮ್ಮಿ ಎಲ್ಲ ಹೇಳಿದಳು. ಪೊಲೀಸ, ಚೀಟಿ, ಅಳತೆ, ಹೋಳಿಗೆ, ತಂತಿ. ಅಬ್ಬಾ ಹಲಗೆಯ ಕೆಳಗಿನ ಖಾನೆಯಿಂದ ಒಂದು ಫೈಲು ತೆಗೆದು, ನೀಲಿ ಅಕ್ಷರದ ಒಂದು ಹಾಳೆಯನ್ನು ನನ್ನ ಮುಂದೆ ಇಟ್ಟರು.

“ಓದು. ಜೋರಾಗಿ.”

ಓದಿದೆ. ವಿಜಾಪುರದ ಕಚೇರಿಗೆ ಬರೆದ ಕಾಗದದ ಕಾರ್ಬನ್ ಪ್ರತಿ. ‘ತಿಕೋಟಾದ ನನ್ನ ಮನೆಯಲ್ಲಿ ಈ ದಿನ ರೇಡಿಯೋ ಕೇಳುವ ಸಾಧನ ಸ್ಥಾಪಿಸಿದ್ದೇನೆ. ಏರಿಯಲ್ ಉದ್ದ ಅರವತ್ತಾರು ಫೂಟು...’ ಹಲಗೆಯ ಅಳತೆಯೂ ಇತ್ತು. ಕೆಳಗೆ ಅಬ್ಬಾನ ಸಹಿ. ತಾರೀಖು, ಜೂನ್ ಆರು.

“ನಿಮ್ಮ ಮ್ಯಾಲ ನೀವ ಅರ್ಜಿ ಹಾಕ್ಕೊಂಡೀರೇನ್ರಿ?” ಅಮ್ಮಿಯ ದನಿ ಏರಿತು.

“ಅರ್ಜಿ ಅಲ್ಲ, ಇತ್ತಿಲಾ, ನಾವಾಗೇ ಮುಂಚೆ ತಿಳಿಸೂದು. ಕಾಲ ಹೆಂಗೈತಿ ಗೊತ್ತಿಲ್ಲೇನು? ನಮ್ಮಂಥವರ ಮನಿ ಮ್ಯಾಲ ಅಷ್ಟುದ್ದ ತಂತಿ. ಯಾರರೆ ಹೋಗಿ ಹೇಳೂದರಾಗ ನಾವ ಮೊದಲ ಹೇಳಿದ್ರ, ಹೇಳಾಕ ಏನೂ ಉಳಿಯಂಗಿಲ್ಲ.”

“ನಮಗರೆ ಹೇಳಬೇಕಿತ್ತಿಲ್ಲೋ?”

ಅಬ್ಬಾ ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದರು: “ಊಹಾ ಬರೀಬ್ಯಾಡ ಅಂದಿದ್ನಿ. ಗೊತ್ತಿಲ್ಲ ಅಂತ ಬರೀಬೇಕಾಗಿತ್ತು.” ಹೊಡೆದಿದ್ದರೆ ಚೆನ್ನಾಗಿತ್ತು.

ರವಿವಾರ ಬೆಳಿಗ್ಗೆ ಆರು ಹದಿನೈದಕ್ಕೆ ಅಬ್ಬಾ ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡರು. ನನ್ನ ಕೈಯಲ್ಲಿ ಆ ಕಾಗದ ಕೊಟ್ಟರು. ಸಂದಿಯಿಂದಲ್ಲ, ಓಣಿ ಸುತ್ತಿ ಈರಪ್ಪ ಕಾಕಾನ ಮುಂಬಾಗಿಲಿಗೆ ಹೋದೆವು. ಕಾಕಾ ಒಂದು ಚೌಕಟ್ಟಿಗೆ ಹತ್ತರಿ ಹಿಡಿದು ನಯ ಮಾಡುತ್ತಿದ್ದ. ನಾನು ಕಾಗದ ಓದಿದೆ. ‘ತಪ್ಪಾತು ಕಾಕಾ’ ಎಂದು ಅದರಲ್ಲಿ ಬರೆದಿರಲಿಲ್ಲ, ಅದನ್ನು ನಾನೇ ಸೇರಿಸಿದೆ.

“ನೀ ಸಣ್ಣಾಕಿ, ಬಿಡವ್ವಾ,” ಎಂದ ಕಾಕಾ. ನಂತರ ಅಬ್ಬಾನ ಕಡೆ ತಿರುಗಿದ. “ಹವಾಲ್ದಾರ್ರ...”

ಅವನು ಅಬ್ಬಾನನ್ನು ಹಾಗೆ ಕರೆದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

“ಹವಾಲ್ದಾರ್ರ, ಕಾಗದದಾಗ ನನ್ನ ಗಿಡ ಬರದೀರಿ. ನನ್ನ ಹಲಗಿ ಬರದೀರಿ. ಬರಿಯೂ ಮುಂದ ನನಗೊಂದು ಮಾತು ಹೇಳಲಿಲ್ಲ. ಯಾರರೆ ಹೋಗಿ ಹೇಳ್ಯಾರು ಅಂತ ಅಂಜಿ ಬರದೀರಿ. ಆ ಯಾರರೆ ಅನ್ನೂದರಾಗ ನಾನೂ ಇದ್ನಿ, ಹೌದಿಲ್ರಿ?”

ಅಬ್ಬಾ ನೆಟ್ಟಗೆ ನಿಂತಿದ್ದರು. “ಎಲ್ಲಾರೂ ಇದ್ರು, ಈರಪ್ಪ,” ಎಂದರು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ.

ಕಾಕಾ ಕೈ ಒರೆಸಿಕೊಂಡು, ಅಬ್ಬಾನ ಹೆಗಲಿನಿಂದ ಸುರುಳಿ ಇಳಿಸಿಕೊಂಡ. “ಹತ್ತಕ್ಕ ಸಾಹೇಬ್ರು ಬರ್ತಾರಂತಲ್ಲ. ಅರವತ್ತಾರು ಫೂಟು ಇರಬೇಕು.” ಅಳತೆಯ ಪಟ್ಟಿ ತಾನೇ ತಂದ, ಗಿಡ ಏರಿದ. ಈ ಸಲ ಚೇಷ್ಟೆಯ ಮಾತಿಲ್ಲ. ಎಂಟಕ್ಕೆ ಕೆಲಸ ಮುಗಿಯಿತು.

ಸಾಹೇಬರು ಹತ್ತೂ ಹತ್ತಕ್ಕೆ ಬಂದರು. ತಂತಿ ನೋಡಿದರು, ಲೈಸೆನ್ಸ್ ನೋಡಿದರು, ನನ್ನ ನೋಟ್‌ಬುಕ್ಕಿನ ಪುಟ ತಿರುವಿದರು. “ಎಲ್ಲಾ ಕಡೆ ಗೊತ್ತಿಲ್ಲ, ಗೊತ್ತಿಲ್ಲ ಅಂತ ಬರದಿಯಲ್ಲವ್ವಾ,” ಎಂದು ನಕ್ಕರು. ಚಹಾ ಕುಡಿದು ಹೋದರು. ಇಪ್ಪತ್ತು ನಿಮಿಷದ ಕೆಲಸ.

ಅಬ್ಬಾನ ಕೇಂದ್ರ ಉಳಿಯಿತು. ಆದರೆ ಮಧ್ಯಾಹ್ನ ಹಿತ್ತಲಲ್ಲಿ ಸುತ್ತಿಗೆಯ ಸದ್ದು ಕೇಳಿ ಹೋಗಿ ನೋಡಿದೆ. ಬೆಳಿಗ್ಗೆ ಹತ್ತರಿ ಹಿಡಿಯುತ್ತಿದ್ದ ಚೌಕಟ್ಟು ಗೋಡೆಯ ಸಂದಿಗೆ ಬಂದಿತ್ತು. ನಮ್ಮ ತಗಡನ್ನು ಪಕ್ಕಕ್ಕಿಟ್ಟು ಕಾಕಾ ಅಲ್ಲಿ ಒಂದು ಕದ ಕೂಡಿಸುತ್ತಿದ್ದ. ಅವನ ಕೈಯ ಕೆಲಸ, ಕೂದಲು ತೂರುವಷ್ಟೂ ಬಿರುಕಿರಲಿಲ್ಲ. ಅಗಳಿ ಅವನ ಕಡೆಗಿತ್ತು.

“ತಗಡು ಚಂದ ಕಾಣಂಗಿಲ್ಲವ್ವಾ,” ಎಂದ. “ಏನರೆ ಬೇಕಾದ್ರ ಬಡೀರಿ. ತಗೀತೇವಿ.”

ಅವರು ಆಡಿದಂತೆಯೇ ನಡೆದರು. ಬಡಿದಾಗಲೆಲ್ಲ ತೆಗೆದರು. ಆ ತಂತಿ ಹನ್ನೆರಡು ವರ್ಷ ಅವರ ಗಿಡದ ಮೇಲೆ ಇತ್ತು, ಗಾಳಿಗೆ ಸಡಿಲಾದಾಗಲೆಲ್ಲ ಕಾಕಾನೇ ಬಿಗಿದ. ಆದರೆ ‘ಖಾದರ್ಯಾ’ ಎಂಬ ಕೂಗು ನಮ್ಮ ಮನೆಗೆ ಮತ್ತೆ ಬರಲಿಲ್ಲ. ಈಗ ನಾನು ವಿಜಾಪುರದ ಮನೆಯಲ್ಲಿ ಕಂಪ್ಯೂಟರಿಗೆ ಜೋಡಿಸಿದ ರೇಡಿಯೋ ಇಟ್ಟುಕೊಂಡಿದ್ದೇನೆ. ನಾನು ಒಂದು ವಾರದಲ್ಲಿ ಸುತ್ತುತ್ತಿದ್ದ ಗೆರೆಗಳನ್ನು ಅದು ಕಣ್ಣು ಮಿಟುಕಿಸುವುದರಲ್ಲಿ ಸುತ್ತಿ, ತಾನೇ ವೇಳೆ ಬರೆದುಕೊಳ್ಳುತ್ತದೆ. ಗೇಣುದ್ದದ ಏರಿಯಲ್ ಕಿಟಕಿಯಲ್ಲೇ ನಿಲ್ಲುತ್ತದೆ. ಯಾರ ಗಿಡವೂ ಬೇಡ, ಯಾರನ್ನೂ ಕೇಳಬೇಕಿಲ್ಲ. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದೆ ಆರು ವರ್ಷ ಕಳೆದಿದ್ದೇನೆ. ಅನುಕೂಲವೇ ಆಗಿದೆ.

ಆ ರವಿವಾರ ಸಂಜೆಯ ಗಸ್ತು ಮುಗಿಸಿ ನಾನು ಹಿತ್ತಲಿಗೆ ಬಂದಾಗ ಅಮ್ಮಿ ಹೊಸ ಕದದ ಮುಂದೆ ನಿಂತಿದ್ದಳು. ಕೈಯಲ್ಲಿ ಖಾಲಿ ಬಟ್ಟಲು. ಹಾಲಿಗೆ ಹೆಪ್ಪು ಇರಲಿಲ್ಲ. ಬಡಿಯಲು ಕೈ ಎತ್ತಿದಳು. ಹಾಗೆಯೇ ಸ್ವಲ್ಪ ಹೊತ್ತು ಹಿಡಿದಿದ್ದು ಇಳಿಸಿದಳು. ಒಳಗೆ ಬಂದು, ಹೆಪ್ಪಿನ ಬದಲಿಗೆ ಎರಡು ಹಸಿ ಮೆಣಸಿನಕಾಯಿಯ ತೊಟ್ಟು ಮುರಿದು ಉಗುರುಬೆಚ್ಚಗಿನ ಹಾಲಿಗೆ ಹಾಕಿ, ತಾಟು ಮುಚ್ಚಿಟ್ಟಳು. ಆ ದಿನದ ಕೊನೆಯ ಕೆಲಸ ಅದು.