ಹೊರಳಿ ನೋಡದೆ ಹೋದವರು

ನನ್ನ ಬಾಯಿ ಕೆಟ್ಟದ್ದು ಅಂತ ಕೇಶ್ವಾಪುರದಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಜಂಪರು ಹೊಲಿಯುತ್ತಿದ್ದೇನೆ. ಬಾಯಿ ಮೆತ್ತಗಿದ್ದಿದ್ದರೆ ಹಬ್ಬದ ಹಿಂದಿನ ವಾರ ಹೆಂಗಸರು ನನ್ನನ್ನೇ ಕತ್ತರಿಸಿ ಹೊಲಿದುಬಿಡುತ್ತಿದ್ದರು. ಗುರುಪಾದಣ್ಣನ ಸುದ್ದಿಯನ್ನು ಮಂದಿ ತಮಗೆ ತಿಳಿದಂತೆ ಹೇಳುವ ಮೊದಲು ನಾನೇ ಹೇಳುತ್ತೇನೆ. ಅದರಲ್ಲಿ ನನ್ನ ಪಾಲೂ ಇದೆ.

ಅವರದು ನನ್ನ ಅಂಗಡಿಯ ಪಕ್ಕದ ಕೋಣೆ. ಒಂದು ಹಲಗೆ ಮಂಚ, ಎಣ್ಣೆ ಬಾಟಲಿ, ಗೋಡೆಗೆ ಬಸವಣ್ಣನ ಪಟ. ಗುರುಪಾದಣ್ಣ ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಹಾಗೆ ಹುಟ್ಟಿದವರ ಕಾಲು ತಾಗಿದರೆ ನಡದ ಉಳುಕು ಹೋಗುತ್ತದೆ ಅಂತ ನಮ್ಮ ಕಡೆ ನಂಬುತ್ತಾರೆ. ಅವರಿಗೆ ಆರು ವರ್ಷವಿದ್ದಾಗಲೇ ಓಣಿಯ ಹಿರಿಯರು ಬೋರಲು ಮಲಗಿ, "ತುಳಿಯಪಾ ಗುರುಪಾದ, ಒಂದೀಟು ತುಳಿ" ಅನ್ನುತ್ತಿದ್ದರಂತೆ. ಮುಂದೆ ಗರಡಿಮನೆಯ ಪೈಲ್ವಾನರ ಕೈಕೆಳಗೆ ಕೀಲು ಕೂರಿಸುವುದನ್ನು ಕಲಿತರು. ಮೂವತ್ತು ವರ್ಷ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದುಕೊಂಡು ಸಂಜೆ ಹೊತ್ತು ಜನರ ಬೆನ್ನು ನೋಡಿದರು. ನಿವೃತ್ತರಾದ ಮೇಲೆ ಕೊಲ್ಹಾಪುರಕ್ಕೆ ಹೋಗಿ ಬೆನ್ನೆಲುಬಿನ ಕೀಲು ಕೂರಿಸುವ ಹತ್ತು ದಿನದ ಶಿಬಿರ ಮುಗಿಸಿ, ಸರ್ಟಿಫಿಕೇಟು ತಂದು, ಬೋರ್ಡಿನ ಮೇಲೆ "ಕೈರೋಪ್ರ್ಯಾಕ್ಟರ್" ಅಂತ ಬರೆಸಿದರು. ಬರೆದ ಪೇಂಟರನಿಗೂ ಅದನ್ನು ಓದಲು ಬರಲಿಲ್ಲ.

ಆದರೂ ಕೈ ಮಾತ್ರ ಖರೇ ಕೈ. ಒಮ್ಮೆ ಮಷಿನ್ನಿನ ಮುಂದೆ ನನ್ನ ನಡ ಹಿಡಿದುಕೊಂಡು, ಏಳಲೂ ಆಗದೆ ಕೂರಲೂ ಆಗದೆ ಅಳುತ್ತಿದ್ದಾಗ ಎಬ್ಬಿಸಿ ನಿಲ್ಲಿಸಿದವರು ಅವರೇ. ಅಂದಿನಿಂದ ನನ್ನ ಗಿರಾಕಿಗಳಲ್ಲಿ ಯಾರು ಬೆನ್ನು ಅಂದರೂ ಪಕ್ಕದ ಬಾಗಿಲು ತೋರಿಸುತ್ತಿದ್ದೆ.

ಅವರ ಕೋಣೆಗೆ ಗರಡಿಮನೆಯಿಂದ ಬಂದ ಒಂದು ರೂಢಿ ಇತ್ತು. ಉಳುಕು ತೆಗೆಸಿಕೊಂಡವರು "ಬರ್ತೇನಿ" ಅನ್ನಬಾರದು. ಹೊಸ್ತಿಲು ದಾಟಿದ ಮೇಲೆ ಹೊರಳಿ ನೋಡಬಾರದು. ನೋಡಿದರೆ ಬಿಟ್ಟು ಹೋದ ನೋವು ಬೆನ್ನು ಹತ್ತಿ ಮನೆಗೆ ಬರುತ್ತದೆ. ಹೀಗೆ ಹೋದವರು ತಿರುಗಿ ಬರದಿದ್ದರೆ ಗುಣವಾದರು ಅಂತ ಅರ್ಥ. ಗುರುಪಾದಣ್ಣ ಹಾಗೇ ನಂಬಿದ್ದರು, ನಾನೂ ನಂಬಿದ್ದೆ.

ಹೋದ ವರ್ಷ ಅಮರೇಶ ಅನ್ನುವ ಎಲುಬಿನ ಡಾಕ್ಟರು ಒಂದು ವಿಡಿಯೋ ಹಾಕಿದರು. ಇನ್ನೂ ಮೀಸೆ ಬಲಿಯದ ಹುಡುಗ. "ಲಟಕ್ ಅಂತ ಸಪ್ಪಳ ಬಂದರ ಬ್ಯಾನಿ ಹೋತು ಅಂತಲ್ಲ. ಕಾಲು ಮುಂದಾಗಿ ಹುಟ್ಟೂದು ಹಡಿಯಾಕಿಗೆ ತ್ರಾಸು, ಹುಟ್ಟಿದವಗ ಡಿಗ್ರಿ ಅಲ್ಲ" ಅಂದರು. ಕಡೆಗೊಂದು ಪ್ರಶ್ನೆ ಕೇಳಿದರು: "ಗುಣ ಆದವರನ್ನ ಎಲ್ಲಾರೂ ತೋರಸ್ತಾರ. ಗುಣ ಆಗದವರು ಎಲ್ಲಿ ಹೋದ್ರು ಅಂತ ಇವರು ಒಮ್ಮಿಯರ ಹುಡುಕ್ಯಾರೇನು?"

ವಿಡಿಯೋ ಫೋನಿನಿಂದ ಫೋನಿಗೆ ಹಾರಿ ಕೇಶ್ವಾಪುರಕ್ಕೂ ಬಂತು. ಚಹಾದಂಗಡಿಯಲ್ಲಿ ಯಾವನೋ ಗುರುಪಾದಣ್ಣನಿಗೆ, "ಡಿಗ್ರಿ ಯಾವ ಕಾಲಾಗ ಐತ್ರಿ, ಎಡಗಾಲಾಗೋ ಬಲಗಾಲಾಗೋ?" ಅಂದನಂತೆ. ಆವತ್ತು ಅವರು ಚಹಾ ಅರ್ಧಕ್ಕೇ ಬಿಟ್ಟು ಬಂದು, ಖಾಲಿ ಮಂಚದ ಮೇಲೆ ತಾವೇ ಕೂತರು.

"ಐವತ್ತೈದು ವರ್ಷ ಆತು ತಂಗಿ, ಜನರ ಬೆನ್ನ ಮ್ಯಾಲೆ ಕೈ ಇಟ್ಟು. ಅದೆಲ್ಲಾ ಸುಳ್ಳೇನು?" ಅಂತ ನನ್ನನ್ನು ಕೇಳಿದರು.

ನನಗೆ ಪಿತ್ತ ನೆತ್ತಿಗೇರಿತು. "ಯಾವನ ಅಂವ? ಏಳ್ರಿ ಅಣ್ಣಾರ, ನಾವೂ ವಿಡಿಯೋ ಮಾಡೂಣು. ಗುಣ ಆದವರ ಮನಿಮನಿಗೆ ಹೋಗಿ ಅವರ ಬಾಯಿಂದನ ಹೇಳಸೂಣು. ಅವನ ಮಾರಿ ಮ್ಯಾಲೆ ಹೊಡದಂಗ ಆಗಬೇಕು" ಅಂದೆ. ಅವರು ಬೇಡ ಬೇಡ ಅಂದರೂ ರವಿವಾರ ನನ್ನ ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೊರಟೆ.

ಮೊದಲು ಹಮಾಲಿ ಬೀರಲಿಂಗನ ಮನೆ. ಅವನು ಫೋನಿನ ಮುಂದೆ ನಿಂತು, "ನಮ್ಮಣ್ಣ ದೇವರು" ಅಂದವನೇ ಗುರುಪಾದಣ್ಣನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಆಮೇಲೆ ಬಳೆ ಅಂಗಡಿಯ ಮದೀನಾಬಿ. ಆಕೆ ನಡ ಬಗ್ಗಿಸಿ ನೆಲ ಮುಟ್ಟಿ ತೋರಿಸಿ, "ಇನ್ನೂ ಏನು ಸಾಕ್ಷಿ ಬೇಕವ್ವಾ?" ಅಂದಳು. ಗುರುಪಾದಣ್ಣನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು.

"ಇನ್ನೊಬ್ಬರು ಸಾಕು. ರಾಯಾಪುರದ ಶೇವಂತೆವ್ವನ ಕಡೆ ಹೋಗೂಣು" ಅಂದೆ.

ಶೇವಂತೆವ್ವ ಸಾಲಿಯಲ್ಲಿ ಬಿಸಿಯೂಟ ಮಾಡುವವಳು, ನನ್ನ ಹಳೆಯ ಗಿರಾಕಿ. ಬೆನ್ನು ನೋವು ಅಂದಾಗ ಗುರುಪಾದಣ್ಣನ ಹತ್ತಿರ ಕರೆದೊಯ್ದವಳು ನಾನೇ. ಮೂರು ಸಲ ಬಂದಿದ್ದಳು. ಮೂರನೆಯ ಸಲದ ನಂತರ ಬರಲಿಲ್ಲ, ಒಂದೂವರೆ ವರ್ಷವಾಗಿತ್ತು. ಗುಣವಾಗಿದ್ದಾಳೆ ಅಂತ ನಾವಿಬ್ಬರೂ ಲೆಕ್ಕ ಹಾಕಿದ್ದೆವು.

ಬಾಗಿಲು ತೆರೆದವಳು ಮಗಳು ಪೂನಮ್. ನಮ್ಮನ್ನು ನೋಡಿ ಪಕ್ಕಕ್ಕೆ ಸರಿದಳು. ಒಳಗೆ ಬುದ್ಧನ ಪಟದ ಕೆಳಗೆ ಮಂಚ, ಮಂಚದ ಮೇಲೆ ಶೇವಂತೆವ್ವ. ಮೈತುಂಬಿದ್ದ ಹೆಂಗಸು ಹಂಚಿಕಡ್ಡಿಯಂತೆ ಒಣಗಿದ್ದಳು. ನನ್ನ ಕೈಯಲ್ಲಿ ವಿಡಿಯೋಕ್ಕೆಂದು ಹಿಡಿದ ಫೋನು ಹಾಗೇ ಉಳಿಯಿತು.

"ಬೆನ್ನೆಲುಬಿಗೆ ಟಿಬಿ ಆಗೇತ್ರಿ. ನಡದ ಕೆಳಗ ಏನೂ ಗೊತ್ತಾಗೂದಿಲ್ಲ" ಅಂದಳು ಪೂನಮ್. "ಲಗೂ ಬಂದಿದ್ರ ಗುಳಿಗಿ ಮ್ಯಾಲೇನ ಆರಾಮ ಆಗ್ತಿತ್ತಂತ. ಅವ್ವ ಆರು ತಿಂಗಳ ಯಾರಿಗೂ ಹೇಳಲಿಲ್ಲ. ಸಂಜಿಮುಂದ ಜ್ವರ ಬಂದ್ರೂ ಹೇಳಲಿಲ್ಲ. ಕಾಲು ಬಿದ್ದಮ್ಯಾಲೆ ನಮಗ ಗೊತ್ತಾತು."

"ಯಾಕವಾ ಹೇಳಲಿಲ್ಲ? ನನ್ನ ಕಡೆ ಯಾಕ ಬರಲಿಲ್ಲ?" ಅಂತ ಗುರುಪಾದಣ್ಣ ಶೇವಂತೆವ್ವನನ್ನು ಕೇಳಿದರು.

ಶೇವಂತೆವ್ವ ಮಲಗಿದಲ್ಲೇ ಅವರಿಗೆ ಕೈ ಮುಗಿದಳು. "ನಿಮ್ಮದೇನೂ ತಪ್ಪಿಲ್ಲರಿ ಅಣ್ಣಾರ. ತಪ್ಪು ನಂದು. ಆವತ್ತು ಹೊಸ್ತಿಲ ದಾಟಿದ ಮ್ಯಾಲೆ ನಾ ಹೊಳ್ಳಿ ನೋಡಿದ್ನಿರಿ. ಎಂಟು ದಿನ ಛಲೋ ಇದ್ದೆ, ಆಮ್ಯಾಲೆ ಬ್ಯಾನಿ ಹೊಳ್ಳಿ ಬಂತು. ಯಾವ ಮಾರಿ ತಗೊಂಡು ನಿಮ್ಮ ಕಡೆ ಬರ್ಲಿ ಅಂತ ತಡಕೊಂಡೆ."

ಆಕೆ ನನ್ನ ಕಡೆ ನೋಡಲೂ ಇಲ್ಲ, ನನ್ನ ಹೆಸರೂ ಎತ್ತಲಿಲ್ಲ. ಆದರೆ ನನಗೆ ನೆನಪಿತ್ತು. ಆವತ್ತು ಆಕೆ ಹೊಸ ಜಂಪರು ಮರೆತು ಹೊರಟಿದ್ದಳು. ನಾನು ಅಂಗಡಿಯಿಂದ, "ಏ ಶೇವಂತೆವ್ವಾ, ಜಂಪರ ಬಿಟ್ಟು ಹೊಂಟಿಯಲ್ಲಬೇ!" ಅಂತ ಕೂಗಿದ್ದೆ. ಆಕೆ ಹೊರಳಿ ನೋಡಿದ್ದು ನನ್ನನ್ನು.

ಅಯ್ಯೋ ಶಿವನೇ, ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆ ಜಂಪರನ್ನು ನಾನು ಎರಡು ಸಲ ಒಳಗೆ ಹಿಡಿದು ಹೊಲಿದಿದ್ದೆ. ಒಂದೇ ತಿಂಗಳಲ್ಲಿ ಎದೆಯ ಅಳತೆ ಎರಡು ಇಂಚು ಇಳಿದಿತ್ತು. ಟೇಪು ಹಿಡಿದವಳು ನಾನು. "ಏನಬೇ, ಈ ವಯಸ್ಸಿನ್ಯಾಗ ಹೀರೋಯಿನ್ ಆಗಾಕತ್ತಿಯೇನು?" ಅಂತ ನಗೆಯಾಡಿದ್ದೆ. ನನ್ನ ಬಾಯಿಗೆ ಬೆಂಕಿ ಬೀಳಲಿ.

ಗುರುಪಾದಣ್ಣ ಮಂಚದ ಕೆಳತುದಿಗೆ ಹೋಗಿ ನೆಲದ ಮೇಲೆ ಕೂತು, ಶೇವಂತೆವ್ವನ ಎರಡೂ ಪಾದ ಹಿಡಿದು ಹಣೆ ಹಚ್ಚಿದರು. ಅವರ ಕಣ್ಣೀರು ಆಕೆಯ ಬೆರಳ ಮೇಲೆ ಬೀಳುತ್ತಿತ್ತು. ಶೇವಂತೆವ್ವ ಚಾವಣಿ ನೋಡುತ್ತ, "ಅಣ್ಣಾರು ಎಲ್ಲಿ ಹೋದ್ರು ಪೂನಮ್? ಹೋಗಿಬಿಟ್ರೇನು? ಚಾ ಮಾಡವಾ" ಅಂದಳು. ಪೂನಮ್ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು.

ಮನೆಗೆ ಬಂದ ಮೇಲೆ ಆ ಡಾಕ್ಟರಿಗೆ ಫೋನು ಹಚ್ಚು ಅಂದರು ಗುರುಪಾದಣ್ಣ. ವಿಡಿಯೋದಲ್ಲಿ ನಂಬರಿತ್ತು, ಹಚ್ಚಿಕೊಟ್ಟೆ.

"ಗುಣ ಆಗದವರು ಎಲ್ಲಿ ಹೋದ್ರು ಅಂತ ಕೇಳಿದ್ರಲ್ಲರಿ ಡಾಕ್ಟರ್ರ, ಒಬ್ಬಾಕಿ ರಾಯಾಪುರದಾಗ ಅದಾಳ್ರಿ. ಉಳಿದವರು ಎಲ್ಲಿ ಅದಾರೋ ನನಗ ಗೊತ್ತಿಲ್ಲ" ಅಂದರು. "ಯಾರ ಬೆನ್ನು ಮುಟ್ಟಬಾರದು ಅನ್ನೂದು ನನಗ ಯಾರೂ ಕಲಿಸಲಿಲ್ಲರಿ. ನೀವು ಕಲಸ್ತೀರೇನು?"

ನಾನು ಬೈಗುಳ ತಯಾರಿಟ್ಟುಕೊಂಡು ಕೂತಿದ್ದೆ. ಆ ಹುಡುಗ ಮಾತ್ರ, "ನಾಳಿ ಬರ್ತೇನಿ ಕಾಕಾ" ಅಂದ. ಬಂದ ಕೂಡ. ಗುರುಪಾದಣ್ಣನ ಜೊತೆ ಕೂತು ಜ್ವರ, ತೂಕ, ಕಾಲು ಜೋಮು ಅಂತ ಏನೇನು ಕೇಳಬೇಕೋ ಬರೆಸಿದ. ರಾಯಾಪುರಕ್ಕೂ ಹೋಗಿ ಬಂದ. ಆದರೆ ಶೇವಂತೆವ್ವನ ಕಾಲಿಗೆ ಶಕ್ತಿ ತಿರುಗಿ ಬರಲಿಲ್ಲ. ಹಾಸಿಗೆ ಹುಣ್ಣು ನಂಜಾಗಿ ಆಷಾಢದಲ್ಲಿ ತೀರಿಕೊಂಡಳು. ಮಣ್ಣಿಗೆ ಹೋದಾಗ ನೋಡಿದೆ, ಮೈಮೇಲೆ ಅದೇ ಜಂಪರು ಇತ್ತು, ಮತ್ತೂ ಸಡಿಲಾಗಿತ್ತು.

ಬೋರ್ಡಿನ ಮೇಲಿನ ಆ ದೊಡ್ಡ ಶಬ್ದವನ್ನು ಗುರುಪಾದಣ್ಣ ತಾವೇ ಸುಣ್ಣ ಹಚ್ಚಿ ಅಳಿಸಿದರು. ಈಗ ಬಂದವರಲ್ಲಿ ಅರ್ಧ ಜನರನ್ನು ಮುಟ್ಟದೆ ದವಾಖಾನೆಗೆ ಕಳಿಸುತ್ತಾರೆ. ಉಳಿದವರಿಗೆ ಎಣ್ಣೆ ತಿಕ್ಕಿ, ಅವರು ಹೊಸ್ತಿಲು ದಾಟುವಾಗ ಹಿಂದೆಯೇ ಬಾಗಿಲಿಗೆ ಬಂದು, "ಬ್ಯಾನಿ ಹೋದ್ರೂ ಬರ್ರಿ, ಹೋಗದಿದ್ರೂ ಬರ್ರಿ. ಹೊಳ್ಳಿ ನೋಡಿದ್ರ ಏನೂ ಆಗೂದಿಲ್ಲರಿ, ನೋಡ್ರಿ ಇತ್ತಾಗ" ಅಂತ ಬೇಡಿಕೊಳ್ಳುತ್ತಾರೆ.

ಯಾರೂ ನೋಡುವುದಿಲ್ಲ. ಹಳೆಯ ರೂಢಿ ಜನರ ಮೈಯಲ್ಲಿ ಇಳಿದುಬಿಟ್ಟಿದೆ; ತಲೆ ತಗ್ಗಿಸಿ ನೆಟ್ಟಗೆ ನಡೆದುಬಿಡುತ್ತಾರೆ. ಗುರುಪಾದಣ್ಣ ಬಾಗಿಲಲ್ಲಿ ಹಾಗೇ ನಿಂತಿರುತ್ತಾರೆ. ಅವರ ಪರವಾಗಿ ಒಂದು ಸಲ ಜೋರಾಗಿ ಕೂಗಿಬಿಡೋಣ ಅಂತ ನಾನು ಮಷಿನ್ನು ನಿಲ್ಲಿಸಿ ಏಳುತ್ತೇನೆ. ಆದರೆ ಹೊರಟವರನ್ನು ಹಿಂದಿನಿಂದ ಕೂಗಲು ನನಗೆ ಬಾಯೇ ಬರುವುದಿಲ್ಲ.