ಟಿವಿ ತುಂಬ ಜಗ್ಗಿದ ಪಿಚ್ಚರ್

ಬನಹಟ್ಟಿಯ ನಮ್ಮ ಮನಿಗೆ ಹೊಸ ಟಿವಿ ಕೂಡ್ರಸಾಕ ಅಂಗಡಿಯಿಂದ ಒಬ್ಬ ಮೆಕ್ಯಾನಿಕ್ ಬಂದಿದ್ದ. ಚಿತ್ರ ಹೆಂಗ ಕಾಣ್ತೈತಿ ನೋಡೂಣು ಅಂತ ಹಳೇ ಕಾಮಿಡಿ ಪಿಚ್ಚರ್‌ದ ಡಿವಿಡಿ ಹಾಕಿದೆ. ಬಣ್ಣ ಛಲೋ ಇತ್ತು, ಧ್ವನಿನೂ ಸ್ವಚ್ಛ ಇತ್ತು. ಆದ್ರ ಪಿಚ್ಚರ್‌ನ್ಯಾಗ ಗಾಳಿಗಿ ಹಾರಿಹೋಗ್ತಿ ಅಂತ ಮಾವನ ಕಡಿಂದ ಬೈಸಿಕೊಳ್ಳೋ ಬಡಕಲು ಅಳಿಯ ಪೈಲ್ವಾನನಂಗ ಕಾಣಾಕತ್ತಿದ್ದ. ಮನ್ಯಾಗ ಯಾರೂ ನಗಲಿಲ್ಲ.

“ಇದು ಹಳೇ ಚೌಕ ಪಿಚ್ಚರ್. ಟಿವಿ ತುಂಬ್ಲಿ ಅಂತ ನೀವು ಅಗಲಕ್ಕ ಜಗ್ಗೀರಿ,” ಅಂತ ಮೆಕ್ಯಾನಿಕ್‌ಗೆ ಅಂದೆ.

“ಜಗ್ಗಲಿಲ್ಲಂದ್ರ ಎರಡೂ ಬಾಜೂ ಕರಿ ಪಟ್ಟಿ ಬರ್ತಾವ್ರಿ. ಎಲ್ಲಾರ ಮನ್ಯಾಗೂ ಹಿಂಗ ಇಟ್ಟೇವ್ರಿ.”

“ನಾವು ನೇಕಾರ್ರು. ಸೀರಿ ಅಗಲ ಕಡಿಮಿ ಬಿತ್ತಂದ್ರ ಜಗ್ಗಿ ಅಳದು ಕೊಡಂಗಿಲ್ಲ. ಪಟ್ಟಿ ಬಂದ್ರ ಬರ್ಲಿ, ಇದ್ದ ಅಳತಿಗೇ ಇಡ್ರಿ.”

ಅಂವಾ ಮಾರಿ ಸಿಂಡರಿಸಿಕೊಂಡು ರಿಮೋಟ್ ಒತ್ತಿದ. ನಾನು ಅದೇ ಸೀನ್ ಮತ್ತ ಹಚ್ಚಿದೆ. ಅಳಿಯ ಕಡ್ಡಿಯಾಗಿದ್ದ, ಮಾವ ಬೈದ. ಚೀಲ ಹೆಗಲಿಗಿ ಹಾಕ್ಕೊಂಡು ಹೊಂಟಿದ್ದ ಮೆಕ್ಯಾನಿಕ್ಕೇ ಎಲ್ಲಾರಿಗಿಂತ ಮೊದಲು ನಕ್ಕ.

ಈಗಲೂ ಹಳೇ ಪಿಚ್ಚರ್ ಹಚ್ಚಿದಾಗ ಆ ಪಟ್ಟಿ ಬರ್ತಾವು. ಬಂದವರಿಗೆಲ್ಲ ನಮ್ಮಾಕಿ, “ಟಿವಿ ಕೆಟ್ಟಿಲ್ರಿ, ನಮ್ಮ ಮನಿಯವರು ಬೇಕಂತ ಹಂಗ ಇಟ್ಟಾರ,” ಅಂತ ಹೇಳ್ತಾಳ. ಅವರು ಟಿವಿ ಬಿಟ್ಟು ನನ್ನ ಕಡೆ ಕನಿಕರದಿಂದ ನೋಡ್ತಾರ.

ನೋಡ್ಲಿ.