ನೀರಂಚಿನ ಗುಂಡುಗಲ್ಲು

ಹೊತ್ತು ಮುಳುಗಿ ದೇವರ ಮುಂದೆ ದೀಪ ಹಚ್ಚಿದ ಮೇಲೆ ಲಗಮವ್ವ ಮಾಡುವ ಕೆಲಸವೊಂದಿತ್ತು. ಚಟ್ನಿ ಅರೆಯುವ ಒಂದು ಗುಂಡುಗಲ್ಲನ್ನು ಸೆರಗಿನಲ್ಲಿ ಹಿಡಿದು ತಂದು ಹೊಸ್ತಿಲಾಚೆ ಕಟ್ಟೆಯ ಅಂಚಿಗೆ ಇಡುತ್ತಿದ್ದಳು. ಆಮೇಲೆ ಬಾಗಿಲು ಮುಂದೆ ಮಾಡುವಳು, ಅಗಳಿ ಹಾಕುತ್ತಿರಲಿಲ್ಲ. ಬೆಳಿಗ್ಗೆ ಎದ್ದವಳೇ ಕಲ್ಲನ್ನು ಅಂಗೈಯಿಂದ ಮುಟ್ಟಿ ನೋಡಿ ಒಳಗೆ ಒಯ್ಯುವಳು. ಜ್ವರ ಬಂದಾಗಲೂ ಇದು ತಪ್ಪಿದ್ದಿಲ್ಲ. ಆ ಕಲ್ಲಿನಿಂದ ಅವಳು ಒಮ್ಮೆಯೂ ಚಟ್ನಿ ಅರೆದವಳಲ್ಲ.

ಕೆರೂರಿನ ಸಂತೆಯಲ್ಲಿ ಕಂಬಳಿ ಮಾರುವ ಲಗಮವ್ವ ಸಮುದ್ರ ಕಂಡವಳಲ್ಲ. ಆದರೂ ರಾಮೇಶ್ವರಕ್ಕೆ ಹೋಗಿ, ಅಲ್ಲಿಂದ ಹಡಗು ಹತ್ತಿ ಲಂಕೆಗೆ ಹೋಗುವ ನಮ್ಮ ಕಡೆಯ ಯಾತ್ರಿಕರು ಹೊರಡುವ ಮುಂಚೆ ಅವಳ ಕಟ್ಟೆಗೆ ಬಂದು ಕೂಡುತ್ತಿದ್ದರು. ಹೋಗಿ ಬಂದವರನ್ನೆಲ್ಲ ಕೆದಕಿ ಕೇಳಿ ಅವಳು ಆ ದೇಶವನ್ನು ತಲೆಯಲ್ಲಿ ತುಂಬಿಕೊಂಡಿದ್ದಳು.

"ಹುಣ್ಣಿವಿ ದಿನಾ ಅಲ್ಲೆ ಎಲ್ಲಾ ಸೂಟಿ. ಖಂಡ ಮಾರೂದಿಲ್ಲ, ಸೆರೆ ಮಾರೂದಿಲ್ಲ," ಎಂದು ಒಮ್ಮೆ ಲಗಮವ್ವ ಹೇಳುತ್ತಿದ್ದಳು.

"ಹಂಗಾರ ನಮ್ಮ ಮಾವನ್ನ ಹುಣ್ಣಿವಿ ದಿನಾನ ಅಲ್ಲೆ ಇಳಸಬೇಕ ನೋಡವ್ವಾ," ಎಂದಳು ಹೊರಡಲಿದ್ದ ಶಾರವ್ವ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

"ನಿಮ್ಮ ಮಾವಗ ಕೆಂದ ಎಳನೀರ ಕುಡಸು, ಅಲ್ಲೆ ಅದಕ್ಕ ಭಾಳ ಹೆಸರ. ಬುದ್ಧನ ಮೂರ್ತಿಗೆ ಬೆನ್ನ ಮಾಡಿ ಫೋಟೋ ತಗಸ್ಕೋಬ್ಯಾಡ್ರಿ. ಗುಡಿಯಾಗ ರುಮಾಲ ತಗೀರಿ. ಆ ನಾಡಿನ್ಯಾಗ ಒಂದ ಕಡಿ ಮಳಿ ಹೊಡ್ಯಾಕತ್ತಿದ್ರ ಇನ್ನೊಂದ ಕಡಿ ಬಿಸಲ. ಒಂದ ಗುಡ್ಡದ ತುದಿಗೆ ದೊಡ್ಡ ಹೆಜ್ಜಿ ಐತಂತ. ಬುದ್ಧಂದು ಅಂತಾರ ಅವರು, ಶಿವಂದು ಅಂತಾರ ನಮ್ಮವರು, ಆದಮಂದು ಅಂತಾರ ಸಾಬರು. ಎಲ್ಲಾರೂ ಹತ್ತತಾರ." ಇಲ್ಲಿಗೆ ಬಂದಾಗ ಅವಳ ದನಿ ತಗ್ಗುತ್ತಿತ್ತು. "ಎದುರಿಗೆ ಬಂದವರಿಗೆ, ನಿನ್ನ ಆಯುಷ್ಯ ಹೆಚ್ಚಲಿ ಅಂತ ಕೈ ಮುಗೀತಾರ ಆ ಮಂದಿ. ನಮ್ಮ ಮನಿಯವರಿಗೂ ಯಾರರ ಅಂದಿರಬೇಕಲ್ಲ?"

ಕೊನೆಯ ಮಾತು ಯಾವಾಗಲೂ ಒಂದೇ: "ಸಮುದ್ರದ ದಂಡ್ಯಾಗ ಕಲ್ಲ ಇಟ್ಟು ನಂಬಬ್ಯಾಡ್ರಿ."

ಆಗ ಯಾರೂ ನಗುತ್ತಿರಲಿಲ್ಲ.

ಲಗಮವ್ವನ ಗಂಡ ಅಮಸಿದ್ದಪ್ಪ ಕುರಿ ಕಾಯುತ್ತ ಬೆಳೆದವನು. ಮಲಪ್ರಭೆ ತುಂಬಿ ಬಂದಾಗ ಕುರಿಗಾರರು ನೀರಿನ ಅಂಚಿಗೆ ಒಂದು ಕಲ್ಲಿಟ್ಟು ಕಾಯುತ್ತಾರೆ. ನೀರು ಕಲ್ಲಿನಿಂದ ಕೆಳಗೆ ಸರಿಯಿತೆಂದರೆ ಹೊಳೆ ಇಳಿಯಿತೆಂದು ತಿಳಿದು ಹಿಂಡನ್ನು ದಾಟಿಸುತ್ತಾರೆ. ಅವನು ನಂಬಿದ್ದ ನೀರು ಅದೊಂದೇ.

ಎಪ್ಪತ್ತಾರರ ಬೇಸಿಗೆಯಲ್ಲಿ ನಮ್ಮೂರಿನ ಯಮನಪ್ಪ ಕಟ್ಟಿದ ಯಾತ್ರೆಯ ತಂಡಕ್ಕೆ ಅವನು ಅಡುಗೆಯವನಾಗಿ ಹೋದ. ಲಂಕೆ ತಿರುಗಿ ಮರಳುವ ದಿನ ಹಡಗಿಗಾಗಿ ತಂಡ ದಂಡೆಯಲ್ಲಿ ಕಾಯುತ್ತಿತ್ತು. ನೀರಿನಾಚೆ ಕಾಣುವ ಮರಳ ದಿಬ್ಬಗಳೇ ಹನುಮಂತ ಕಟ್ಟಿದ ಸೇತುವೆ ಎಂದು ಯಾರೋ ತೋರಿಸಿದರು. ತುಳಸಿಗೇರಿ ಹನುಮಪ್ಪನಿಗೆ ನಡೆದುಕೊಳ್ಳುವ ಮನುಷ್ಯ ಅವನು. ಆ ಮರಳಿಗೆ ಹಣೆ ಮುಟ್ಟಿಸಿ ಬರಬೇಕೆಂದು ಮನಸ್ಸಾಯಿತು. ದಂಡೆಯೆಲ್ಲ ಮರಳು, ಕಲ್ಲೇ ಇಲ್ಲ. ಅಡುಗೆ ಸಾಮಾನಿನೊಳಗಿಂದ ಚಟ್ನಿ ಗುಂಡನ್ನು ತಂದು ನೀರಂಚಿಗೆ ಇಟ್ಟ. ಸ್ವಲ್ಪ ಹೊತ್ತಿಗೆ ನೀರು ಹಿಂದೆ ಸರಿಯಿತು. ಕಂಬಳಿ ತೆಗೆದು ಕಲ್ಲಿನ ಪಕ್ಕ ಮಡಚಿಟ್ಟು ನಡೆದುಹೋದ. ಇಳಿದ ಹೊಳೆ ಅಂದೇ ಮತ್ತೆ ಏರುವುದಿಲ್ಲ, ಸಮುದ್ರ ಏರುತ್ತದೆ. ದೋಣಿಯವರು ಹುಡುಕಿದರು. ಹೆಣವೂ ಸಿಗಲಿಲ್ಲ.

ಕಂಬಳಿ, ಕಲ್ಲು ಎರಡನ್ನೂ ಯಮನಪ್ಪ ತಂದು ಲಗಮವ್ವನ ಕೈಗೆ ಕೊಟ್ಟ. ಹೆಣ ಸಿಗದವರ ಕಂಬಳಿಯನ್ನೇ ಮಣ್ಣು ಮಾಡುವುದು ಅವರ ಮನೆತನದ ರೂಢಿ. ಮೈದುನ ಲಕ್ಷ್ಮಪ್ಪ ಕುಣಿ ತೋಡಿಸಿ ಕರೆದರೆ, ಲಗಮವ್ವ ಕಂಬಳಿಯನ್ನು ಎದೆಗವಚಿಕೊಂಡು ಕೂತಳು. "ಬಳಿ ಒಡಿಯಾಕ ನನ್ನ ಕೈ ಹಿಡದ್ರ ನೋಡ್ರಿ ಮತ್ತ," ಎಂದಳು. ಕುಣಿಯನ್ನು ಹಾಗೇ ಮುಚ್ಚಿದರು. ಕುಂಕುಮ, ಹಸಿರು ಬಳೆ ಉಳಿದವು. ಸತ್ತವರ ಸಾಲಿಗೂ ಇದ್ದವರ ಸಾಲಿಗೂ ಸೇರದೆ ಅಮಸಿದ್ದಪ್ಪ ಉಳಿದ.

ಕೆಲವು ಮುಂಜಾವು ಆ ಕಲ್ಲು ತೊಯ್ದಿರುತ್ತಿತ್ತು. ಉಪ್ಪು ಕುಡಿದ ಕಲ್ಲು ತಂಪು ಹೊತ್ತಿನಲ್ಲಿ ಬೆವರುತ್ತದೆ ಎನ್ನುವವರಿದ್ದರು. ಒಂದು ಬೇಸಿಗೆ ಪಕ್ಕದ ಮನೆಯವಳಾದ ನಾನೂ ಮುಟ್ಟಿದೆ. ಕಟ್ಟೆ ಒಣಗಿತ್ತು, ಅಂಗೈ ಒದ್ದೆಯಾಯಿತು. ಹನುಮಪ್ಪನ ಹೆಸರು ಹೇಳಿ ಸೆರಗಿಗೆ ಒರೆಸಿಕೊಂಡೆ.

ಎಂಬತ್ತೆರಡರಲ್ಲಿ ಯಮನಪ್ಪ ಮತ್ತೆ ತಂಡ ಕಟ್ಟಿದ. ಒಂದು ಸಂಜೆ ಬಂದು ಕಟ್ಟೆಯ ಮೇಲೆ ಕೂತ. ನಾನು ಅಲ್ಲೇ ಉಣ್ಣೆ ಬಿಡಿಸುತ್ತಿದ್ದೆ.

"ತಂಗಿ, ಈ ಸಲ ನೀ ಬಾ. ಕಾಗದ-ಪತ್ರ, ಖರ್ಚು ಎಲ್ಲಾ ನಂದು. ಆ ಜಾಗಾ ತೋರಸ್ತೇನಿ. ಕಂಬಳಿ ನೀರಿಗೆ ಬಿಡು, ಅವನ ಜೀವಕ್ಕೂ ಸಮಾಧಾನ ಆಕ್ಕೈತಿ. ಇನ್ನೆಷ್ಟ ದಿನಾ ಅಗಳಿ ಹಾಕದ ಮಲಗತಿ?"

"ಯಣ್ಣಾ, ಅವತ್ತ ದಂಡಿಯಿಂದ ಕಲ್ಲ ಎತ್ತಿದಾಂವ ನೀನ ಅಲ್ಲೇನು?"

"ಹೌದವ್ವಾ. ನಿನಗ ಏನರ ಕುರುಹು ಇರ್ಲಿ ಅಂತ ತಂದೆ."

"ಆ ದಿಬ್ಬದ ಮ್ಯಾಲ ನಿಂತು, ನೀರ ಇಳೀತೋ ಇಲ್ಲೋ ಅಂತ ಅವರು ಆ ಕಲ್ಲನ್ನ ಹುಡುಕಿರಬೇಕಲ್ಲ?"

ಯಮನಪ್ಪ ರುಮಾಲಿನಿಂದ ಮುಖ ಒರೆಸಿಕೊಂಡ. "ಹಂಗಾರ ಒಯ್ದು ಅಲ್ಲೇ ಇಟ್ಟು ಬರೂನ ಬಾ, ತಂಗಿ."

ಒಳಗೆ ದೀಪ ಹಚ್ಚಿಯಾಗಿತ್ತು. ಲಗಮವ್ವ ಎದ್ದು ಹೋಗಿ ಗುಂಡುಗಲ್ಲನ್ನು ಸೆರಗಿನಲ್ಲಿ ತಂದಳು. ಅವನನ್ನು ಸ್ವಲ್ಪ ಸರಿಯಹೇಳಿ ಕಟ್ಟೆಯ ಅಂಚಿಗೆ ಇಟ್ಟಳು.

"ಕಲ್ಲ ಇಲ್ಲಿಗೆ ಬಂತು. ಅದರ ಬೆನ್ನ ಹತ್ತಿ ಅವರೂ ಇಲ್ಲೀತನಕ ಬರಾಕತ್ತಾರ, ಮುಂಜಾನೆ ಮುಟ್ಟಿದ್ರ ನನಗ ತಿಳೀತೈತಿ. ಈಗ ನಾ ಮನಿಗೆ ಕೀಲಿ ಹಾಕ್ಕೊಂಡ ಅಲ್ಲಿಗೆ ಹೋಗ್ಲೇನು? ಬ್ಯಾಡಣ್ಣಾ. ನನ್ನ ಜಾಗಾ ಮತ್ತ್ಯಾರಿಗರ ಕೊಡು."